ಕೈ ಎಣಿಸಿದ ಚಮ್ಮಾರ ಮಿಕಿಯೋನ್

ನನ್ನ ಭಾವ ಮಿಕಿಯೋನ್ ಬಂದರೆ ಅಥೆನ್ಸಿನ ಸಂತೆಯಲ್ಲಿ ಜನ ತಾವಾಗಿಯೇ ದಾರಿ ಬಿಡುತ್ತಿದ್ದರು. ಗೌರವಕ್ಕಲ್ಲ, ವಾಸನೆಗೆ. ಇಲಿಸ್ಸೋಸ್ ಹೊಳೆಯ ದಂಡೆಯಲ್ಲಿ ನಲವತ್ತು ವರ್ಷ ತೊಗಲು ಹದ ಮಾಡಿದವನು ಅವನು. ನಾನು ಅವನ ಹೆಂಡತಿಯ ತಮ್ಮ, ಕಸುಬಿನಲ್ಲಿ ಪಾಲುಗಾರ. ಅವನಿಗೆ ಓದು ಅಷ್ಟಕ್ಕಷ್ಟೆ, ಮಾತು ಇನ್ನೂ ಕಡಿಮೆ. ನಮ್ಮೂರಲ್ಲಿ ಪದವಿ ಹಂಚುವುದು ಚೀಟಿ ಎತ್ತಿದ ಹಾಗೆ ಕಾಳು ಎತ್ತಿ; ಬಿಳಿ ಕಾಳು ಬಂದವನಿಗೆ ಪದವಿ. ಇಂಥವನ ಹೆಸರಿಗೆ ಒಂದು ವರ್ಷ ಬಿಳಿ ಕಾಳು ಬಿದ್ದು, ಊರಾಳುವ ಐನೂರು ಜನರ ಮಂಡಲಿಗೆ ಅವನು ಹೋದ. ಅಲ್ಲಿ ಮತ್ತೆ ಕಾಳು ಎತ್ತಿದಾಗ, ಒಂದು ರಾತ್ರಿ ಒಂದು ಹಗಲಿನ ಮಟ್ಟಿಗೆ ಊರಿನ ಮುದ್ರೆ, ಭಂಡಾರದ ಕೀಲಿ ಎರಡೂ ಅವನ ಕೈಗೆ ಬಂದವು. ಅಷ್ಟು ಹೊತ್ತಿನಲ್ಲಿ ಜನಸಭೆ ಸೇರಿದರೆ ಅದರ ಅಧ್ಯಕ್ಷನೂ ಅವನೇ. ಜನ್ಮದಲ್ಲಿ ಒಂದೇ ಸಲ ಸಿಗುವ ಪಟ್ಟ ಅದು.

"ಕೀಲಿ ಕೊಟ್ಟೋರಿಗೆ ನೆಗಡಿ ಆಗಿತ್ತೇನೋ!" ಎಂದು ನನ್ನಕ್ಕ ಫಿಲಿನ್ನಾ ನಕ್ಕಳು.

ಆ ಹಗಲೇ ಗುಡ್ಡದ ಮೇಲೆ ಜನಸಭೆ ಸೇರಿತು. ಕುದುರೆ ಸಾಕುವ ಮನೆತನದವನೊಬ್ಬ ಎದ್ದು, ಹೊಳೆಯ ನೀರು ಕೆಡುತ್ತಿದೆ, ಮೇಲ್ದಂಡೆಯ ತೊಗಲಿನ ಗುಂಡಿಗಳನ್ನೆಲ್ಲ ಮುಚ್ಚಿಸಬೇಕು ಎಂದ. ನಮ್ಮ ಹನ್ನೊಂದು ಗುಂಡಿಗಳೂ ಅಲ್ಲೇ ಇದ್ದವು. ಮರುಕ್ಷಣ ಧೈರ್ಯ ಬಂತು. ಅಷ್ಟು ಸಾವಿರ ಕೈಗಳನ್ನು ಒಂದೊಂದಾಗಿ ಯಾರು ಎಣಿಸುತ್ತಾರೆ? ಅಧ್ಯಕ್ಷ ಕಣ್ಣಳತೆಯಲ್ಲಿ ನೋಡಿ ಹೇಳಿದ್ದೇ ತೀರ್ಮಾನ. ಅಧ್ಯಕ್ಷ ನಮ್ಮ ಭಾವ!

ಮುಚ್ಚಬೇಕು ಎನ್ನುವವರು ಮೊದಲು ಕೈ ಎತ್ತಿದರು, ಆಮೇಲೆ ಬೇಡ ಎನ್ನುವವರು. ಹೆಚ್ಚುಕಡಿಮೆ ಸಮ. ನಾನು ಹೆದರಿಕೆಗೆ ಎರಡೂ ಕೈ ಎತ್ತಿಬಿಟ್ಟೆ.

"ನೌಸೋನ್, ಒಂದು ಕೈ ಇಳಿಸಪ್ಪಾ!" ಮಿಕಿಯೋನ್ ಕಲ್ಲುಕಟ್ಟೆಯ ಮೇಲಿಂದ ಕೂಗಿದ. ಗುಡ್ಡಕ್ಕೆ ಗುಡ್ಡವೇ ಗೊಳ್ಳೆಂದಿತು. ಅವನು ಮಾತ್ರ ನಗಲಿಲ್ಲ. ಎರಡೂ ಕಡೆಯವರಿಂದ ಇನ್ನೊಮ್ಮೆ ಕೈ ಎತ್ತಿಸಿ, ಬಹಳ ಹೊತ್ತು ನೋಡಿ, "ಮುಚ್ಚಬೇಕು ಅನ್ನೋರೇ ಜಾಸ್ತಿ ಇದ್ದಾರೆ" ಎಂದ.

ಕೀಲಿ ಒಪ್ಪಿಸಿ ಮನೆಗೆ ಬಂದವನ ಮೇಲೆ ನಾನು ಹರಿಹಾಯ್ದೆ. "ನಿನಗೇನು ತಲೆ ಕೆಟ್ಟಿದೆಯಾ ಭಾವ? ಬೇಡ ಅನ್ನೋರು ಜಾಸ್ತಿ ಅಂದಿದ್ರೆ ಯಾರಿಗೆ ಗೊತ್ತಾಗ್ತಿತ್ತು?"

"ನಾಳೆ ಆ ಕುದುರೆಯವನಿಗೂ ಕಾಳು ಬೀಳಬಹುದು ಕಣೋ. ಅವನು ನಮ್ಮ ಕೈ ಎಣಿಸ್ತಾನೆ. ಸುಳ್ಳು ಎಣಿಸೋದನ್ನ ನಾನೇ ಅವನಿಗೆ ಹೇಳ್ಕೊಡ್ಲಾ?"

"ಎಲ್ಲಾರ ಕೈ ಎಣಿಸಿದೆ ಅನ್ಬೇಡಿ" ಎಂದಳು ಅಕ್ಕ. "ಆ ಹೊಳೆ ನೀರು ಹೊತ್ತು ತರೋರು ನಾವು ಹೆಂಗಸ್ರು. ನಮ್ಮನ್ನ ಯಾರಾದ್ರೂ ಕೇಳಿದ್ರಾ?"

ಊರು ದಾಟಿದ ಮೇಲೆ ಹೊಳೆಯ ಕೆಳದಂಡೆಯ ಬಂಡೆನೆಲದಲ್ಲಿ ಹೊಸ ಗುಂಡಿ ತೋಡಲು ಎರಡು ಚಳಿಗಾಲ ಹಿಡಿಯಿತು. ಅಷ್ಟು ದಿನವೂ ನಾನು ಅವನನ್ನು ಬೈದೆ. ಅವನು ಗುದ್ದಲಿ ಕೆಳಗಿಡಲಿಲ್ಲ. ಅಂಥ ಇನ್ನೊಬ್ಬ ಮನುಷ್ಯನನ್ನು ನಾನು ನೋಡಿಲ್ಲ.

ಅವನು ತೀರಿಕೊಂಡ ಮೇಲೆ ಒಂದು ವರ್ಷ ನನ್ನ ಹೆಸರಿಗೂ ಕಾಳು ಬಿತ್ತು. ಒಂದು ದಿನ ನಾನೂ ಆ ಕಟ್ಟೆಯ ಮೇಲೆ ನಿಂತೆ. ಅವತ್ತು ನನ್ನ ಹೊಟ್ಟೆಗೆ ಹೊಡೆಯುವಂಥ ಮಾತು ಯಾವುದೂ ಸಭೆಗೆ ಬರಲಿಲ್ಲ. ಬಂದಿದ್ದರೆ ಏನು ಹೇಳುತ್ತಿದ್ದೆನೋ, ಇವತ್ತಿಗೂ ನನಗೆ ಗೊತ್ತಿಲ್ಲ.