ಕೆಸರಿನ ಗೆರೆ ಮತ್ತು ಅವ್ವನ ಸುಣ್ಣ

ಗೆಳೆಯರೇ, ಕೃಷ್ಣೆಯ ಪ್ರವಾಹ ನಮ್ಮ ಗೋಡೆಯ ಮೇಲೆ ಬಿಟ್ಟುಹೋದ ಕೆಸರಿನ ಗೆರೆ ಇವತ್ತು ಹೋಯಿತು. ನನ್ನ ಕಾದಂಬರಿಯ ತಾಯಿ ಇಂಥದೇ ಗೆರೆಯನ್ನು ಅಳಿಸದೆ ಕಾಯುತ್ತಾಳೆ. ಕಾದಂಬರಿ ಓದಿದ ಇಬ್ಬರು ಹಾರೂಗೇರಿಯಿಂದ ಗೆರೆ ನೋಡಲು ಬಂದರು. ಅವ್ವನನ್ನು ಅದರ ಪಕ್ಕ ನಿಲ್ಲಿಸಿ, “ಅವ್ವಾರ, ಫೋಟೋಕ್ಕ ದುಃಖ ಆದಂಗ ಮಾರಿ ಸ್ವಲ್ಪ ಸಣ್ಣ ಮಾಡ್ರಿ” ಎಂದರು.

ಅವ್ವ ಅವರಿಗೆ ಚಹಾ ಕೊಟ್ಟಳು. ಆಮೇಲೆ ಹಿತ್ತಲಿಗೆ ಹೋಗಿ ಸುಣ್ಣದ ಬಕೆಟ್ ತಂದಳು.

“ಬ್ಯಾಡವ್ವಾ, ಅದು ನಮ್ಮ ನೆನಪು” ಎಂದೆ.

“ನೀ ಬರೀಬೇಕಂದಿ ಅಂತ ಇಷ್ಟ ದಿನ ಬಿಟ್ಟಿದ್ದೆ. ಬರದಾತಲ್ಲ? ನೆನಪ ಪುಸ್ತಕದಾಗ ಇರಲಿ. ಮೊಣಕಾಲಮಟ ರಾಡಿ ಹೊರಗ ಹಾಕಿದಾಕಿ ನಾನು, ಗ್ವಾಡಿ ನಂದು. ಬಕೆಟ್ ಹಿಡಿ.”

ಹಿಡಿದೆ.

ಇನ್ನು ಗೆರೆ ಬೇಕಾದವರು ಪುಸ್ತಕ ಕೊಂಡು ಓದಿ. ಮನೆಗೆ ಬಂದರೆ ಚಹಾ ಮಾತ್ರ ಸಿಗುತ್ತದೆ.