ಹಿಂದಿನ ಸೀಟಿನ ಕೌದಿ

ಅದು 2023ರ ಏಪ್ರಿಲ್. ನಾನು ರಿಟೈರ್ ಆಗಿ ಕೆಲವು ವರ್ಷಗಳಾಗಿದ್ದವು. ಯಾದಗಿರಿಯಲ್ಲಿದ್ದುಕೊಂಡು ಇನ್ಶೂರೆನ್ಸ್ ಕಂಪನಿಗಳಿಗೆ ಮೋಟಾರ್ ಸರ್ವೇಯರ್ ಆಗಿ ದುಡಿದವಳು ನಾನು. ಕೆಟ್ಟ ಗಾಡಿಯನ್ನು ನೋಡಿ ಹಾನಿ ಎಷ್ಟು, ಕಾರಣ ಏನು ಎಂದು ವರದಿ ಬರೆಯುವುದೇ ಆ ಕೆಲಸ. ಸೆರಗು ಸೊಂಟಕ್ಕೆ ಸಿಗಿಸಿ ಲಾರಿಯ ಕೆಳಗೆ ತೂರುವ ಹೆಂಗಸನ್ನು ನೋಡಲು ಮೊದಮೊದಲು ಜನ ಸೇರುತ್ತಿದ್ದರು. ಆಮೇಲೆ ಅಭ್ಯಾಸವಾಯಿತು, ಅವರಿಗೂ, ನನಗೂ. ರಿಟೈರ್ ಆದ ಮೇಲೂ ಹಳೆಯ ಕಾರು ಕೊಳ್ಳುವವರು ನನ್ನನ್ನು ಕರೆಯುವುದು ನಿಲ್ಲಲಿಲ್ಲ.

ಹಾಗೆ ಕರೆದವರಲ್ಲಿ ಸುರಪುರದ ಖಾಜಾ ಒಬ್ಬ. ಬಾಡಿಗೆ ಕಾರು ಓಡಿಸುತ್ತಿದ್ದ. ಅವನ ಗಿರಾಕಿಗಳಲ್ಲಿ ಹೆಚ್ಚಿನವರು ಕಲಬುರಗಿಯ ಆಸ್ಪತ್ರೆಗಳಿಗೆ ಹೋಗುವ ರೋಗಿಗಳು. ಶಹಾಪುರದ ಹತ್ತಿ ವ್ಯಾಪಾರಿ ಶರಣಪ್ಪನವರ ಹೈಬ್ರಿಡ್ ಕಾರು ಮಾರಾಟಕ್ಕಿದೆ, ಬ್ಯಾಟರಿ ನೋಡಿ ಹೇಳಬೇಕು ಎಂದ.

ಹೈಬ್ರಿಡ್ ಎಂದರೆ ಪೆಟ್ರೋಲ್ ಇಂಜಿನ್ನಿನ ಜೊತೆಗೆ ಎಲೆಕ್ಟ್ರಿಕ್ ಮೋಟರೂ ಇರುವ ಕಾರು. ಮೋಟರಿಗೆ ಕರೆಂಟ್ ಕೊಡುವ ದೊಡ್ಡ ಬ್ಯಾಟರಿ ಆ ಕಾರಿನಲ್ಲಿ ಹಿಂದಿನ ಸೀಟಿನ ಬೆನ್ನಿಗಿತ್ತು. ಎಷ್ಟು ಕಿಲೋಮೀಟರ್ ಓಡಿದೆ ಎಂಬುದನ್ನಷ್ಟೇ ನೋಡಿ ಅದರ ಹೆಲ್ತ್ ಹೇಳಲಾಗದು. ನಿಂತೇ ಇದ್ದ ಕಾರಿನ ಬ್ಯಾಟರಿ ದಿನಾ ಓಡಿದ್ದಕ್ಕಿಂತ ಕೆಟ್ಟಿರಬಹುದು. ಸ್ಟೀರಿಂಗಿನ ಕೆಳಗೆ ಸ್ಕ್ಯಾನರ್ ಸಿಗಿಸಿ, ಎಸಿ ಹಾಕಿ, ಬಿಸಿಲಲ್ಲಿ ಅರ್ಧ ಗಂಟೆ ಓಡಿಸಿಯೇ ನೋಡಬೇಕು.

ಶರಣಪ್ಪನವರ ಅಂಗಳದ ಬೇವಿನ ನೆರಳಲ್ಲಿ ಬಿಳಿಯ ಕಾರು ತೊಳೆದು ನಿಂತಿತ್ತು. ಎಪ್ಪತ್ತು ದಾಟಿದ, ಎತ್ತರದ ಮನುಷ್ಯ ಅವರು. ಸ್ಕ್ಯಾನರ್ ನೋಡಿ ನಕ್ಕರು.

"ಎತ್ತು ಕೊಳ್ಳಾಗ ಹಲ್ಲು ನೋಡತೀವ್ರಿ. ಇದಕ್ಕೇನು ನೋಡತೀರಿ, ಅಮ್ಮಾರ?"

"ಉಸಿರು ನೋಡತೀನ್ರಿ. ಬ್ಯಾಟರಿಗೂ ಗಾಳಿ ಬೇಕಲ್ರಿ."

"ಸಾವ್ಕಾರ್ರ ಗಾಡಿಗೆ ಏನಾಗೇದ ಬಿಡ್ರಿ ಮೇಡಂ," ಎಂದ ಖಾಜಾ. "ಮದುಮಗಳಿದ್ದಂಗ ಅದ. ಹೊಸ್ತಿಲಾನ ದಾಟಿಲ್ಲ."

ಶರಣಪ್ಪನವರ ನಗು ಅಲ್ಲಿಗೇ ನಿಂತಿತು. ನಾನು ಹಿಂದಿನ ಬಾಗಿಲಿಗೆ ಕೈ ಹಾಕಿದ್ದೆ. ಸೀಟಿನ ತುಂಬ ಒಂದು ಕೌದಿ ಹಾಸಿತ್ತು. ಹಳೆಯ ಇಳಕಲ್ ಸೀರೆ, ಧೋತರದ ತುಂಡುಗಳನ್ನು ಪದರ ಪದರವಾಗಿ ಹೊಲಿದ ದಪ್ಪ ಕೌದಿ. ಇಂಥ ಹೊಲಿಗೆ ಈಗ ಎಲ್ಲಿ ಕಾಣಸಿಗುತ್ತದೆ!

"ಹಿಂದ ಕೂಡಬ್ಯಾಡ್ರಿ, ಅಮ್ಮಾರ. ಅದು ಅಕಿ ಜಾಗ."

ಅಕಿ ಎಂದರೆ ಅವರ ಹೆಂಡತಿ ನೀಲಮ್ಮ. ಕೌದಿ ಹೊಲಿದವರೂ ಅವರೇ. ಹೃದಯದ ಕಾಯಿಲೆ ಇದ್ದವರು. ಕಲಬುರಗಿಗೆ ಹೋಗುವಾಗ ಮಲಗಿಕೊಂಡು ಹೋಗಲೆಂದೇ ಈ ದೊಡ್ಡ ಕಾರು ತೆಗೆದುಕೊಂಡಿದ್ದರಂತೆ. ನಾಲ್ಕು ವರ್ಷದ ಹಿಂದೆ, ಮೇ ತಿಂಗಳ ಒಂದು ಮಧ್ಯಾಹ್ನ ಆಕೆಗೆ ಮೇಲುಸಿರು ಹತ್ತಿತು. ಹೊರಟರು. ಜೇವರ್ಗಿ ಇನ್ನೂ ಮುಂದಿರುವಾಗಲೇ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ತ್ರಿಕೋನ ಹೊತ್ತಿ ಕಾರು ನಿಂತುಬಿಟ್ಟಿತು. ಯಾರದೋ ಜೀಪು ಸಿಗುವ ಹೊತ್ತಿಗೆ ತಡವಾಗಿತ್ತು. ಆಸ್ಪತ್ರೆ ಮುಟ್ಟುವ ಮೊದಲೇ ನೀಲಮ್ಮ ಹೋಗಿದ್ದರು. ಆಮೇಲೆ ಯಾವನೋ ಮೆಕ್ಯಾನಿಕ್ ಕಾರಿನ ಕಂಪ್ಯೂಟರಿನಲ್ಲಿ ದಾಖಲಾಗಿದ್ದ ಎರರ್ ಅಳಿಸಿ ಕಾರನ್ನು ಮನೆಗೆ ಮುಟ್ಟಿಸಿದ. "ಬಿಸಿಲಿಗೆ ಹಿಂಗಾಗತದ" ಎಂದು ಹೇಳಿ ಹೋದ. ಅಂದಿನಿಂದ ಶರಣಪ್ಪನವರು ತಿಂಗಳಿಗೊಮ್ಮೆ ಹತ್ತಿರದ ಸಗರ ಊರಿನ ತಮ್ಮ ಹೊಲದವರೆಗೆ ಓಡಿಸುತ್ತಿದ್ದರು. ಹಿಂದಿನ ಸೀಟನ್ನು ಯಾರೂ ಮುಟ್ಟಿರಲಿಲ್ಲ.

ಇದನ್ನು ಕೇಳಿ ಖಾಜಾ ಕೈ ಮುಗಿದ. "ಮಾಫ್ ಮಾಡ್ರಿ ಸಾವ್ಕಾರ್ರ, ಗೊತ್ತಿರಲಿಲ್ಲ," ಎಂದ.

ಸಗರದ ರಸ್ತೆಯಲ್ಲಿ ಖಾಜಾ ಓಡಿಸಿದ, ನಾನು ಪಕ್ಕದಲ್ಲಿ ಕುಳಿತು ಸ್ಕ್ಯಾನರ್ ನೋಡಿದೆ. ಬ್ಯಾಟರಿಯೊಳಗೆ ಸಾಲಾಗಿ ಬ್ಲಾಕ್‌ಗಳಿರುತ್ತವೆ. ಆಕ್ಸಿಲರೇಟರ್ ಒತ್ತಿದಾಗ ಅವೆಲ್ಲದರ ವೋಲ್ಟೇಜ್ ಸರಿಸುಮಾರು ಒಟ್ಟಿಗೇ ಇಳಿಯಬೇಕು. ಇಲ್ಲಿ ಉಳಿದವು ಹದಿನೈದರ ಸುತ್ತ ನಿಂತರೆ, ನಡುವಿನ ಎರಡು ಹನ್ನೆರಡಕ್ಕೆ ಕುಸಿದವು. ಟೆಂಪರೇಚರ್ ಏರುತ್ತಲೇ ಹೋಯಿತು. ತಂಪು ಮಾಡುವ ಫ್ಯಾನ್ ಫುಲ್ ಸ್ಪೀಡಿನಲ್ಲಿತ್ತು, ಆದರೂ ಬ್ಯಾಟರಿ ತಣ್ಣಗಾಗುತ್ತಿರಲಿಲ್ಲ. ನಡುವಿನ ಬ್ಲಾಕ್‌ಗಳು ಮೊದಲು ಸೋಲುವುದು ಸಾಮಾನ್ಯವಾಗಿ ಶಾಖದಿಂದ. ಹಾಗಾದರೆ ಗಾಳಿ ಎಲ್ಲಿ ನಿಂತಿತು?

ಮರಳಿ ಬಂದು, ಶರಣಪ್ಪನವರ ಅನುಮತಿ ಕೇಳಿಯೇ ಹಿಂದಿನ ಬಾಗಿಲು ತೆರೆದೆ. ಕಾರು ಆನ್ ಇದ್ದುದರಿಂದ ಫ್ಯಾನ್ ಇನ್ನೂ ತಿರುಗುತ್ತಿತ್ತು, ಏದುಸಿರಿನಂಥ ಸದ್ದು. ಆ ಕಾರಿನಲ್ಲಿ ಬ್ಯಾಟರಿಗೆ ಗಾಳಿ ಹೋಗುವ ಜಾಲರಿ ಸೀಟಿನ ಪಕ್ಕದಲ್ಲೇ, ಅಂಗೈ ಅಗಲ ಇರುತ್ತದೆ. ನನ್ನ ಕೈಗೆ ಜಾಲರಿ ಸಿಗಲಿಲ್ಲ, ಕೌದಿಯ ಅಂಚು ಸಿಕ್ಕಿತು. ಮಡಿಚಿ, ಬಿಗಿಯಾಗಿ ಆ ಸಂದಿಗೇ ಒತ್ತಿ ಸಿಗಿಸಿದ್ದರು. ಫ್ಯಾನ್ ಎಳೆದೆಳೆದು ಬಟ್ಟೆ ಜಾಲರಿಗೆ ಅಂಟಿಕೊಂಡಿತ್ತು. ಅದರ ಹಿಂದೆ ನೂಲಿನ ಜುಂಗು ಗಟ್ಟಿಯಾಗಿ ಕೂತಿತ್ತು, ವರ್ಷಗಟ್ಟಲೆಯದು.

ಅಂಚನ್ನು ಎಳೆಯದೆ ಕೈ ಹಿಂದೆ ತೆಗೆದೆ.

"ಏನಾತ್ರಿ ಮೇಡಂ?" ಎಂದ ಖಾಜಾ. "ಹೊಸಾ ಬ್ಯಾಟರಿ ಹಾಕಿದ್ರ ಮುಗೀತಲ್ಲ?"

ಕಾರಣ ತೆಗೆಯದೆ ಹೊಸದು ಹಾಕಿದರೆ ಅದೂ ಹೀಗೇ ಸಾಯುತ್ತದೆ. ನಾಳೆ ಈ ಸೀಟಿನಲ್ಲಿ ಮಲಗುವವರು ಖಾಜಾನ ರೋಗಿಗಳು, ರಸ್ತೆಯೂ ಅದೇ. ಹೇಳಲೇಬೇಕು. ಆದರೆ ಕೇಳಿಸಿಕೊಳ್ಳಲು ಶರಣಪ್ಪನವರೂ ಅಲ್ಲೇ ನಿಂತಿದ್ದಾರೆ. ನಾನು ಓದಿದ ಕಾನ್ವೆಂಟಿನಲ್ಲಿ ಒಬ್ಬ ಸಿಸ್ಟರ್ ಹೇಳುತ್ತಿದ್ದರು: ಟೆಲ್ ದ ಟ್ರೂತ್, ಚೈಲ್ಡ್, ಬಟ್ ಸಿಟ್ ಡೌನ್ ಫಸ್ಟ್. ನಿಜ ಹೇಳು ಮಗು, ಆದರೆ ಮೊದಲು ಕೂತುಕೋ ಎಂದು. ಬೇವಿನ ಕಟ್ಟೆಯ ಮೇಲೆ ಕುಳಿತೆ. ಶರಣಪ್ಪನವರನ್ನೂ ಕೂರಿಸಿದೆ.

"ಗಾಳಿಯ ದಾರಿ ಮುಚ್ಚೇದರಿ. ಕೌದಿಯ ಅಂಚು ಅಲ್ಲಿ ಸೇರೇದ."

ಅವರು ಕಾರಿನ ಕಡೆಗೆ ನೋಡುತ್ತ ಕುಳಿತರು.

"ನಾನೇ ಸಿಗಿಸಿದ್ದೆರಿ. ಬ್ರೇಕ್ ಹೊಡದ್ರ ಅಕಿ ಜಾರತಿದ್ಲು. ಜಾರಬಾರದಂತ ಎಲ್ಲಾ ಕಡೆ ಒತ್ತಿ ಸಿಗಿಸಿದ್ದೆ."

ಆಮೇಲೆ ನನ್ನ ಕಡೆ ತಿರುಗಿದರು.

"ಅವತ್ತ ನಿಂತದ್ದೂ ಇದಕ್ಕೇನ್ರಿ?"

"ಎರರ್ ಅಳಿಸ್ಯಾರ. ಈಗ ಖಚಿತ ಹೇಳಾಕ ಬರಂಗಿಲ್ಲರಿ."

"ಖಚಿತ ಬ್ಯಾಡ. ನಿಮಗೇನು ಅನಸ್ತದ, ಅದನ್ನ ಹೇಳ್ರಿ. ನಾಕು ವರ್ಷ ಬಿಸಿಲಿಗಿ ಬೈದೀನಿ, ಅಮ್ಮಾರ."

ಅಷ್ಟು ವರ್ಷಗಳ ಸರ್ವೀಸಿನಲ್ಲಿ ನೂರಾರು ಕಾರಣಗಳನ್ನು ಬರೆದಿದ್ದೆ. ಅವತ್ತು ಹೇಳಿದ್ದು ಒಂದೇ ಪದ.

"ಇರಬಹುದ್ರಿ."

ಅವರು ತಲೆ ಅಲ್ಲಾಡಿಸಿದರು. ಎದ್ದು ಹೋಗಿ ತಾವೇ ಕೌದಿಯನ್ನು ಎಳೆದರು. ಅಂಚು ಬಿಡಿಸಲು ಎರಡೂ ಕೈ ಬೇಕಾಯಿತು. ಅದು ಬಿಟ್ಟ ಕೂಡಲೇ ಫ್ಯಾನಿನ ಏದುಸಿರು ಇಳಿದು, ಸದ್ದು ಸಲೀಸಾಯಿತು. ಮೂವರಿಗೂ ಅದು ಕೇಳಿಸಿತು. ಯಾಕಾದರೂ ಕೇಳಿಸಿತೋ ಎನ್ನಿಸಿತು ನನಗೆ.

ಖಾಜಾ ಆ ಕಾರು ಕೊಂಡು ಕಲಬುರಗಿಯಲ್ಲಿ ಹೊಸ ಬ್ಯಾಟರಿ ಹಾಕಿಸಿದ. ಒಯ್ಯುವ ದಿನ ಶರಣಪ್ಪನವರು ಒಗೆದು ಮಡಿಚಿದ ಕೌದಿಯನ್ನು ಅವನ ಕೈಗಿಟ್ಟರಂತೆ. ಅವನು ಹಿಂದೆ ಸರಿದ.

"ಬ್ಯಾಡ್ರಿ ಸಾವ್ಕಾರ್ರ. ನೀಲಮ್ಮಾರ ಕೈಯಾಂದು ಇದು."

"ಹಾಸು ತಮ್ಮಾ. ಬ್ಯಾನಿ ಬಂದವರಿಗಿ ಸೀಟು ಚುಚ್ಚತದ. ಅಂಚು ಮಾತ್ರ ಒತ್ತಬ್ಯಾಡ. ಜಾರಿದ್ರ ಜಾರಲಿ, ನೀ ಸಾವಕಾಶ ಓಡ್ಸು."

ಇದನ್ನು ನನಗೆ ಹೇಳುವಾಗ ಖಾಜಾ ಮುಖ ಆಚೆ ತಿರುಗಿಸಿಕೊಂಡಿದ್ದ.

ಈಗಲೂ ಯಾರಾದರೂ ಹಳೆಯ ಹೈಬ್ರಿಡ್ ನೋಡಲು ಕರೆದರೆ ಹೋಗುತ್ತೇನೆ. ಸ್ಕ್ಯಾನರ್ ತೆಗೆಯುವ ಮುಂಚೆ ಹಿಂದಿನ ಬಾಗಿಲು ತೆರೆದು ಜಾಲರಿಯ ಮೇಲೆ ಅಂಗೈ ಇಡುತ್ತೇನೆ. ಅದಕ್ಕೂ ಮುಂಚೆ, ಇಲ್ಲಿ ಯಾರು ಕೂರುತ್ತಿದ್ದರು ಎಂದು ಮಾಲೀಕರನ್ನು ಕೇಳುತ್ತೇನೆ. ಕಾರಣ ಹುಡುಕುವುದು ನನ್ನ ಕೆಲಸ, ಅದನ್ನು ಮುಚ್ಚಿಡಲಾರೆ. ಆದರೆ ಅದು ಯಾರ ಪ್ರೀತಿಯ ಕೆಳಗೆ ಸಿಗಬಹುದು ಎಂದು ಮೊದಲೇ ತಿಳಿದಿದ್ದರೆ, ಕೂತು ಹೇಳಲು ಒಂದು ಜಾಗವನ್ನಾದರೂ ನೋಡಿಟ್ಟುಕೊಳ್ಳಬಹುದು.