ಹೊಲಿಗೆ ಮಿಶನ್ನಿಗಿಂತ ಮೆಲ್ಲಗೆ

ಹೋದ ತಿಂಗಳು ತರೀಕೆರೆಯಲ್ಲಿ ಜುಬ್ಬಕ್ಕೆ ಅಳತೆ ಕೊಡಲು ಹೋಗಿದ್ದೆ. ಟೈಲರ್ ಎದೆಗೆ ಟೇಪು ಸುತ್ತಿದ ಕೂಡಲೇ ನನ್ನ ಪಕ್ಕೆ ತಾನಾಗಿಯೇ ಅಗಲವಾಯಿತು. ಭುಜ ಮಾತ್ರ ಅಲ್ಲಾಡಲಿಲ್ಲ. "ಉಸಿರು ಬಿಡಿ ಸಾರ್, ಎರಡಿಂಚು ಜಾಸ್ತಿ ತೋರಿಸ್ತಿದೆ" ಎಂದು ಆತ ಗೊಣಗಿದ. ಬಿಟ್ಟೆ. ಆದರೆ ಆ ಹಳದಿ ಟೇಪಿನ ಮೇಣದಂಥ ವಾಸನೆ ಮೂಗಿನಲ್ಲೇ ಉಳಿದುಬಿಟ್ಟಿತು... ನಲವತ್ತು ವರ್ಷಗಳಿಂದ ನನಗೆ ಒಬ್ಬರ ಋಣ ತೀರಿಸಲಾಗಿಲ್ಲ.

ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿ ಅಪ್ಪನ ಹಿಟ್ಟಿನ ಮಿಲ್ಲು ಇತ್ತು. ಎಪ್ಪತ್ತರ ದಶಕದ ಕೊನೆಯ ಮಾತು. ಮಿಲ್ಲಿನ ಹಿಂದೆಯೇ ಮನೆಯಾದ್ದರಿಂದ ಊಟಕ್ಕೆ ಕೂತಾಗ ಉಪ್ಪು ಕೇಳುವುದಕ್ಕೂ ನಾವು ಕೂಗಬೇಕಿತ್ತು. ನಾನು ಹಾಡುತ್ತಿದ್ದೆ. ಸರಿಯಾಗಿ ಹೇಳಬೇಕೆಂದರೆ ಕಿರುಚುತ್ತಿದ್ದೆ. ರಾಗಿ ಬೀಸಿಸಲು ಬಂದ ಹೆಂಗಸರು "ಒಂದು ವಚನ ಹೇಳಪ್ಪಾ" ಎಂದರೆ ಸಾಕು, ಕಟ್ಟೆ ಹತ್ತಿ ನಿಲ್ಲುತ್ತಿದ್ದೆ. "ಮಿಲ್ಲು ಓಡ್ತಿದ್ರೂ ನನ್ ಮಗನ ದನಿ ಸ್ಟೇಷನ್ ಗಂಟ ಕೇಳುತ್ತೆ ಕಣ್ರೀ" ಎಂದು ಅಪ್ಪ ಹಿಟ್ಟು ಮೆತ್ತಿದ ಮೀಸೆಯಲ್ಲೇ ಹಿಗ್ಗುತ್ತಿದ್ದರು.

ರಸ್ತೆಯ ಆಚೆ ಬದಿಯಲ್ಲಿ ಟೈಲರ್ ಮಾಮನ ಅಂಗಡಿ. ನಮ್ಮ ನೆಂಟರೇನಲ್ಲ, ಊರಿನ ಮಕ್ಕಳೆಲ್ಲ ಹಾಗೇ ಕರೆಯುತ್ತಿದ್ದೆವು. ಅವರ ದನಿ ಬರೀ ಗಾಳಿ. ಕಿವಿ ಹತ್ತಿರ ತಂದರಷ್ಟೇ ಮಾತು ತಿಳಿಯುತ್ತಿತ್ತು. ನಾವು ಅವರ ಹಾಗೆ ಪಿಸುಗುಟ್ಟಿ ಅಣಕಿಸುತ್ತಿದ್ದೆವು. ಅವರ ಅಂಗಡಿಯ ಮೂಲೆಯಲ್ಲಿ ಒಂದು ಹಾರ್ಮೋನಿಯಂ ಇತ್ತು, ತಿದಿಗೆ ಯಾರದೋ ಕೋಟಿನ ಲೈನಿಂಗ್ ಬಟ್ಟೆಯ ತೇಪೆ.

ನನಗೆ ಹನ್ನೊಂದು ವರ್ಷವಿದ್ದಾಗ ಒಂದು ದಿನ ಅಂಗಿ ಹೊಲಿಸಲು ಹೋದೆ. ಅಳತೆ ಮುಗಿದ ಮೇಲೂ ಅವರು ಟೇಪು ತೆಗೆಯಲಿಲ್ಲ. ಪಕ್ಕೆಯ ಸುತ್ತ ಸಡಿಲವಾಗಿ ಹಿಡಿದು, "ಉಸಿರು ತಗೋ. ಭುಜ ಎತ್ಬೇಡ. ಟೇಪು ಬಿಗಿ ಆಗ್ಬೇಕು, ಅಷ್ಟೇ" ಎಂದರು. ನಾನು ಭುಜ ಎತ್ತಿದೆ. ಮತ್ತೆ ಮಾಡಿಸಿದರು. ಎಂಟೋ ಹತ್ತೋ ಸಲ ಆದ ಮೇಲೆ ಟೇಪು ಬಿಗಿಯಾಯಿತು. "ಇನ್ಮೇಲೆ ದಿನಾ ಸ್ಕೂಲ್ ಬಿಟ್ಮೇಲೆ ಬಾ" ಎಂದರು. ಯಾಕೆ ಎಂದು ನಾನು ಕೇಳಲಿಲ್ಲ. ಹಾರ್ಮೋನಿಯಂ ಮುಟ್ಟಲು ಸಿಗುತ್ತದೆ ಅನ್ನುವ ಆಸೆ.

ಅವರ ಪಾಠಕ್ಕೆ ಒಂದೇ ನಿಯಮ. ಅವರು ಹೊಲಿಯುತ್ತಲೇ ಇರುತ್ತಿದ್ದರು, ನಾನು ಪಕ್ಕದ ಸ್ಟೂಲಿನ ಮೇಲೆ ಕೂತು ಹಾಡಬೇಕು. "ಹಾಡುವಾಗ ನನ್ ಮಿಶನ್ ಸದ್ದು ನಿಂಗೆ ಕೇಳ್ತಿರ್ಬೇಕು. ಕೇಳ್ಲಿಲ್ಲ ಅಂದ್ರೆ ನೀನು ಕೂಗ್ತಿದೀಯ ಅಂತ ಲೆಕ್ಕ." ಮಿಲ್ಲಿನಲ್ಲಿ ಹುಟ್ಟಿ ಬೆಳೆದವನಿಗೆ ಇದು ತಲೆಕೆಳಗಾದ ವಿದ್ಯೆ. ಮೊದಲ ತಿಂಗಳು ನನಗೆ ನನ್ನ ದನಿಯೇ ಕಳೆದುಹೋದಂತೆ ಅನ್ನಿಸಿತು. ಗಂಟಲು ಉರಿದರೆ ನಿಲ್ಲಿಸಿ ನೀರು ಕುಡಿಸುತ್ತಿದ್ದರು; ಕೆಮ್ಮಿ ಗಂಟಲು ಕೆರೆದರೆ ಬೈಯುತ್ತಿದ್ದರು. ನನ್ನ ದನಿಗೆ ಹೊಂದುವ ಶ್ರುತಿ ಹುಡುಕಿ, ಹಾರ್ಮೋನಿಯಂನ ಆ ಸ್ವರದ ಕೀ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ನಿಧಾನಕ್ಕೆ ದನಿ ತಿಳಿಯಾಯಿತು. ಮುಂದಿನ ವರ್ಷ ತಾಲ್ಲೂಕು ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂತು. ಅಪ್ಪ ಮಿಲ್ಲಿಗೆ ಬಂದವರಿಗೆಲ್ಲ ಪೆಪ್ಪರಮೆಂಟು ಹಂಚಿದರು.

ಅದರ ಮುಂದಿನ ವರ್ಷ ಕಡೂರಿನಲ್ಲಿ ದೊಡ್ಡ ಸ್ಪರ್ಧೆ. ಮೂರು ವಾರವಿದೆ ಅನ್ನುವಾಗ, ಶಾಲೆಯ ಪ್ರಾರ್ಥನೆಯ ನಡುವೆ ನನ್ನ ದನಿ ಒಡೆಯಿತು. ಮೇಲಿನ ಸ್ವರಕ್ಕೆ ಹೋದರೆ ಬಾತುಕೋಳಿ ಕೂಗಿದ ಹಾಗೆ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಅಮ್ಮ ದೃಷ್ಟಿ ತೆಗೆದಳು, ಅಜ್ಜಿ ಮೆಣಸು ಶುಂಠಿ ಕಷಾಯ ಕುಡಿಸಿದಳು. "ಅಭ್ಯಾಸ ಸಾಲ್ದು, ಜೋರಾಗಿ ಹೇಳು, ಬಿಟ್ಕೊಳ್ಳುತ್ತೆ" ಎಂದರು ಅಪ್ಪ. ಹೇಳಿದೆ. ನಾಲ್ಕನೇ ದಿನ ಎಂಜಲು ನುಂಗಿದರೂ ನೋಯುತ್ತಿತ್ತು. ಮಾಮ ಹಾಡಬೇಡ ಅಂದರೆ ಸ್ಪರ್ಧೆ ತಪ್ಪೀತೆಂಬ ಭಯಕ್ಕೆ ಆ ನಾಲ್ಕು ದಿನ ಅವರ ಅಂಗಡಿ ಕಡೆ ತಲೆ ಹಾಕಿರಲಿಲ್ಲ.

ಆ ಮಧ್ಯಾಹ್ನ ಮಾಮ ರಸ್ತೆ ದಾಟಿ ಬಂದರು. ಹಿಟ್ಟಿನ ಧೂಳಿಗೆ ಹೆದರಿ ಎಂದೂ ನಮ್ಮ ಕಡೆ ಬಾರದವರು. ಏನೋ ಹೇಳಿದರು, ಆ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಅಪ್ಪನ ತೋಳು ಹಿಡಿದು, ಮಿಲ್ಲು ನಿಲ್ಲಿಸುವಂತೆ ಕೈಸನ್ನೆ ಮಾಡಿದರು. ಬೆಲ್ಟ್ ಕಳಚಿತೇನೋ ಎಂದು ಅಪ್ಪ ಗಾಬರಿಯಿಂದ ನಿಲ್ಲಿಸಿದರು. ನಡುಹಗಲಿನಲ್ಲಿ ಅಷ್ಟು ನಿಶ್ಶಬ್ದವನ್ನು ನಾನು ಆ ಮನೆಯಲ್ಲಿ ಕೇಳಿರಲೇ ಇಲ್ಲ.

"ಯಜಮಾನ್ರೇ, ಇದು ದೃಷ್ಟಿ ಅಲ್ಲ, ವಯಸ್ಸು. ಹುಡುಗನ ದನಿ ಗಂಡಸಿನ ದನಿ ಆಗ್ತಿದೆ. ಈಗ ಮೇಲಿನ ಶ್ರುತೀಲಿ ಎಳೆದ್ರೆ ಹರಿದೋಗುತ್ತೆ" ಎಂದರು. "ನಾನು ನಾಟಕದ ಕಂಪ್ನೀಲಿ ಹೆಣ್ಣು ಪಾತ್ರ ಹಾಡ್ತಿದ್ದೆ. ಹದಿಮೂರಕ್ಕೆ ದನಿ ಒಡೀತು. ಬೋರ್ಡ್ ಹಾಕ್ಸಿ ಆಗಿದೆ, ಹಾಡು ಅಂದ್ರು ಕಂಪ್ನಿ ಯಜಮಾನ್ರು. ಮೂರು ತಿಂಗಳು ಹಾಡ್ದೆ." ಆಮೇಲೆ, ರಾಗಿ ಡಬ್ಬ ಹಿಡಿದು ನಿಂತ ಅಷ್ಟೂ ಜನರ ಎದುರು ಒಂದು ಸಾಲು ಹಾಡಿದರು. ಸ್ವರ ಎಲ್ಲಿರಬೇಕೋ ಅಲ್ಲಿ ಬರೀ ಉಸಿರು ಸವೆಯುವ ಸದ್ದು. "ಇಷ್ಟೇ ಉಳಿದಿರೋದು."

ಅಪ್ಪ ನೆಲ ನೋಡಿದರು. "ಹೆಸರು ಕಳ್ಸಿ ಆಗಿದೆಯಲ್ರೀ" ಎಂದರು ಕೊನೆಗೆ.

"ನಂದೂ ಹಂಗೇ ಆಗಿತ್ತು."

ಅಪ್ಪ ಮಿಲ್ಲು ಚಾಲೂ ಮಾಡಿದರು. ಸಂಜೆ ಹೆಡ್‌ಮಾಸ್ತರ ಮನೆಗೆ ಹೋಗಿ ನನ್ನ ಹೆಸರು ತೆಗೆಸಿ ಬಂದರು. ಕಡೂರಿಗೆ ನನ್ನ ತರಗತಿಯವನೇ ಒಬ್ಬ ಹೋದ.

ನನಗೆ ಮೈಯೆಲ್ಲ ಉರಿ. ಮರುದಿನ ಮಾಮನ ಅಂಗಡಿಯ ಮೆಟ್ಟಿಲ ಮೇಲೆ ನಿಂತು, "ನಿಮಗೆ ಹೊಟ್ಟೆಕಿಚ್ಚು. ನಿಮ್ಮ ದನಿ ಹೋಯ್ತು, ಅದಕ್ಕೆ ನಾನೂ ಹಾಡಬಾರದು" ಎಂದುಬಿಟ್ಟೆ. ಅವರು ಸೂಜಿಗೆ ದಾರ ಪೋಣಿಸುತ್ತಿದ್ದರು. ದಾರದ ತುದಿಗೆ ಗಂಟು ಹಾಕಿ, "ಇರ್ಬೋದು ಕಣಪ್ಪ" ಎಂದರು. "ಪೂರ್ತಿ ಮೌನ ಇರ್ಬೇಡ. ಕೆಳಗಿನ ಸ್ವರದಲ್ಲಿ ಮೆಲ್ಲಗೆ ಗುನುಗ್ತಿರು, ಒಂದು ವರ್ಷ. ನೋವಾದ್ರೆ ನಿಲ್ಸು." ಬೈದಿದ್ದರೆ ಚೆನ್ನಾಗಿತ್ತು.

ಅಲ್ಲಿಂದ ಮುಂದೆ ನಾನು ಆ ಮೆಟ್ಟಿಲು ಹತ್ತಲಿಲ್ಲ. ಆದರೆ ಹೇಳಿದ್ದನ್ನು ಮಾತ್ರ ಕದ್ದು ಪಾಲಿಸಿದೆ, ಕೆರೆ ಏರಿಯ ಮೇಲೆ, ಯಾರೂ ಇಲ್ಲದಾಗ. ವರ್ಷ ಕಳೆಯುವಷ್ಟರಲ್ಲಿ ತಳದಿಂದ ಹೊಸ ದನಿಯೊಂದು ಎದ್ದು ಬಂತು, ನನ್ನದೇ ಎಂದು ನಂಬಲಾರದಷ್ಟು ತುಂಬಿದ್ದು. ಆಗಲಾದರೂ ಹೋಗಬಹುದಿತ್ತು. ಆ ವಯಸ್ಸಿನ ಸೊಕ್ಕು ಬಿಡಲಿಲ್ಲ.

ಕಾಲೇಜಿಗೆಂದು ಊರು ಬಿಟ್ಟ ಬೆಳಿಗ್ಗೆ, ಟ್ರಂಕು ಹೊತ್ತು ಮಿಲ್ಲಿನ ಬಾಗಿಲಲ್ಲಿ ನಿಂತು "ಹೋಗ್ಬತ್ತೀನಮ್ಮ" ಎಂದೆ. ಮಿಲ್ಲು ಇನ್ನೂ ಶುರುವಾಗಿರಲಿಲ್ಲ. ಆಚೆ ಬದಿಯಲ್ಲಿ ಹೊಲಿಗೆ ಮಿಶನ್ ಥಟ್ಟನೆ ನಿಂತಿತು. ಮಾಮ ತಲೆ ಎತ್ತದೆ, ಚಕ್ರದ ಮೇಲೆ ಕೈಯಿಟ್ಟು ಹಾಗೇ ಕೂತಿದ್ದರು... ನಾನು ಇನ್ನೊಂದು ಮಾತು ಆಡಲೆಂದು ಕಾಯುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ಗೊತ್ತಾಗಿಯೂ ಬಸ್ಸಿನ ಕಡೆ ನಡೆದೆ.

ದಸರಾ ರಜೆಗೆ ಬಂದಾಗ ಅಂಗಡಿಗೆ ಬೀಗ. ಮಗಳ ಮನೆಗೆ ಹೋದರಂತೆ, ಅಲ್ಲೇ ತೀರಿಕೊಂಡರಂತೆ. ಎರಡು ವಾರ ಆಗಿತ್ತು.

ಈಗಲೂ ಹಾಡುತ್ತೇನೆ, ಅರವತ್ತು ಹತ್ತಿರವಾದರೂ ದನಿ ಕೆಟ್ಟಿಲ್ಲ. ಮದುವೆ, ಮಠ, ಶಾಲೆ ಎಲ್ಲೇ ಹಾಡಿದರೂ ಜನ ಬಂದು ಹೊಗಳುತ್ತಾರೆ. ನಾನು ಕೈಮುಗಿದು ತೆಗೆದುಕೊಳ್ಳುತ್ತೇನೆ. ಮಾಮನಿಗೆ ನನ್ನ ಹಾಡಿನ ಕಛೇರಿಯೇನೂ ಬೇಕಿರಲಿಲ್ಲ. ರಸ್ತೆ ದಾಟಿ ಹೋಗಿ, "ದನಿ ಉಳೀತು ಮಾಮ" ಎಂದಿದ್ದರೆ ಸಾಕಿತ್ತು. ಆ ರಸ್ತೆ ಹತ್ತು ಹೆಜ್ಜೆಯೂ ಇರಲಿಲ್ಲ.